ನಿಮ್ಮ ಕರ್ನಲ್ ಲೇಖನ ಈಗಲೇ ಹಾಕಲ್ಲ, ಕಾರಣ ಇಷ್ಟು

ನಮಸ್ಕಾರ. ಡ್ರೈವರ್ ಕಾನ್ಫಿಗ್‌ನಿಂದ (ಹಾರ್ಡ್‌ವೇರ್ ನಡೆಸೋ ಕೋಡ್‌ನ ಆಯ್ಕೆಗಳಿಂದ) ಬರೋ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಿಲ್ಡ್ ಎರರ್ ಸರಿ ಮಾಡೋದು ಹೇಗೆ ಅಂತ ಬರೆದು ಕಳಿಸಿದ್ರಲ್ಲ, ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ, ನೇರವಾಗೇ ಹೇಳ್ತೀನಿ, ಬೇಜಾರಾಗ್ಬೇಡಿ.

ಮೊದಲ ಮೂರು ಪ್ಯಾರಾ ಲಿನಕ್ಸ್ ಹುಟ್ಟಿದ ಕಥೆ, 1991, ಹೆಲ್ಸಿಂಕಿ, ಟೊರ್ವಾಲ್ಡ್ಸ್ ಅಂತಾನೇ ಹೋಗುತ್ತೆ. ತೆಗೀರಿ. ಬಿಲ್ಡ್ ನಿಂತು ತಲೆ ಕೆಟ್ಟು ಕೂತಿರೋನ ಕಣ್ಣೆದುರಿಗೆ ಇರೋದು ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಲೆಡ್_ಕ್ಲಾಸ್‌ಡೆವ್_ರಿಜಿಸ್ಟರ್_ಎಕ್ಸ್ಟ್’ (ಈ ಹೆಸರಿನ ಫಂಕ್ಷನ್ ಸಿಗ್ಲಿಲ್ಲ) ಅನ್ನೋ ಥರದ ಒಂದು ಸಾಲು, ಅಂಥದ್ದು ನಿಮ್ಮ ಲೇಖನದಲ್ಲಿ ಒಂದೂ ಇಲ್ವಲ್ಲ! ಅಲ್ಲಿಂದ ಶುರು ಮಾಡಿ. ಡ್ರೈವರ್ ‘ವೈ’, ಅಂದ್ರೆ ಕರ್ನಲ್ ಒಳಗೇ ಸೇರ್ಕೊಂಡಿದೆ, ಅದು ಕರೆಯೋ ಲೆಡ್ಸ್_ಕ್ಲಾಸ್ (ಎಲ್‌ಇಡಿ ದೀಪಗಳ ಕೋಡ್) ಮಾತ್ರ ‘ಎಂ’, ಅಂದ್ರೆ ಆಮೇಲೆ ಲೋಡ್ ಆಗೋ ಮಾಡ್ಯೂಲ್, ಹಾಗಿದ್ಮೇಲೆ ಆ ಫಂಕ್ಷನ್‌ನ ಲಿಂಕರ್ (ಕಂಪೈಲ್ ಆದ ಫೈಲುಗಳನ್ನ ಜೋಡಿಸೋ ಪ್ರೋಗ್ರಾಂ) ಎಲ್ಲಿಂದ ಹುಡುಕಿ ತರ್ಬೇಕು? ಒಂದೊಂದು ಫೈಲೂ ಸಲೀಸಾಗಿ ಕಂಪೈಲ್ ಆಗಿ ಕೊನೇಲಿ ಲಿಂಕ್ ಆಗೋವಾಗ ಬಿದ್ದುಹೋಗೋದು ಇದಕ್ಕೇ. ಎರಡನ್ನೂ ‘ವೈ’ ಮಾಡಿ ಇಲ್ಲಾ ಡ್ರೈವರನ್ನೂ ‘ಎಂ’ ಮಾಡಿ ಅಂದ್ರೆ ಮುಗೀತು.

ನೀವು ಕೊಟ್ಟಿರೋ ಪರಿಹಾರ ಏನು? ಆಪ್ಷನ್‌ಗಳ ನಿಯಮ ಬರೆದಿರೋ ಕೆಕಾನ್ಫಿಗ್ ಫೈಲಲ್ಲಿ ‘ಡಿಪೆಂಡ್ಸ್ ಆನ್’ (ಇನ್ನೊಂದು ಆಪ್ಷನ್ ಇದ್ರೆ ಮಾತ್ರ ಇದು) ಅಳಿಸಿ ‘ಸೆಲೆಕ್ಟ್’ ಹಾಕಿ ಅಂತ. ಇದನ್ನ ನಾನು ಖಂಡಿತ ಬಿಡಲ್ಲ. ಸೆಲೆಕ್ಟ್ ಅನ್ನೋದು ಆ ಕಡೆ ಆಪ್ಷನ್‌ಗೆ ಏನೇನು ಬೇಕು ಅಂತ ನೋಡದೇ ಬಲವಂತವಾಗಿ ಆನ್ ಮಾಡುತ್ತೆ. ಲೆಡ್ಸ್_ಕ್ಲಾಸ್‌ಗೆ ಬೇಕಾದ ನ್ಯೂ_ಲೆಡ್ಸ್ ಆಪ್ಷನ್ ಆಫ್ ಇದ್ರೂ ಲೆಡ್ಸ್_ಕ್ಲಾಸ್ ಆನ್ ಆಗಿ ‘ಅನ್‌ಮೆಟ್ ಡೈರೆಕ್ಟ್ ಡಿಪೆಂಡೆನ್ಸೀಸ್’ (ಬೇಕಾದದ್ದು ಆನ್ ಇಲ್ಲ) ಅಂತ ವಾರ್ನಿಂಗ್ ಬರುತ್ತೆ, ನಿಮ್ಮ ಮಾತು ಕೇಳಿದವನಿಗೆ ಒಂದರ ಬದಲು ಎರಡು ತಲೆನೋವು. ಎಲ್‌ಇಡಿ ಇದ್ರೂ ಸರಿ ಇಲ್ದಿದ್ರೂ ಸರಿ ಅನ್ನೋ ಡ್ರೈವರ್‌ಗೆ ‘ಡಿಪೆಂಡ್ಸ್ ಆನ್ ಲೆಡ್ಸ್_ಕ್ಲಾಸ್ || !ಲೆಡ್ಸ್_ಕ್ಲಾಸ್’ ಅಂತ ಬರೀತಾರೆ (|| ಅಂದ್ರೆ ‘ಅಥವಾ’, ! ಅಂದ್ರೆ ‘ಅಲ್ಲ’). ನೋಡಿದ್ರೆ ಹುಚ್ಚು ಅನ್ಸುತ್ತೆ, ಆದ್ರೆ ಲೆಡ್ಸ್_ಕ್ಲಾಸ್ ‘ಎಂ’ ಆದಾಗ ಡ್ರೈವರ್ ‘ವೈ’ ಆಗದ ಹಾಗೆ ತಡೆಯೋದೇ ಅದರ ಕೆಲಸ. ಈ ಸಾಲಿಗೆ ಒಂದು ಪೂರ್ತಿ ಪ್ಯಾರಾ ಕೊಡಿ, ಲೇಖನದ ಜೀವ ಇಲ್ಲಿದೆ.

ಆಯ್ಕೆಗಳೆಲ್ಲಾ ಉಳಿಯೋ ಡಾಟ್ ಕಾನ್ಫಿಗ್ ಫೈಲ್ ಕೈಯಲ್ಲೇ ತಿದ್ದಿ ಅಂದಿದೀರ, ಡಿಪೆಂಡೆನ್ಸಿ ಸರಿ ಇಲ್ಲಾಂದ್ರೆ ಮುಂದಿನ ಸಲ ಬಿಲ್ಡ್ ಓಡಿಸೋ ಮೇಕ್ ಕಮಾಂಡ್ ನಿಮ್ಮ ತಿದ್ದುಪಡಿಯನ್ನ ಬದಲಾಯಿಸಿಬಿಡುತ್ತೆ. ಅದರ ಬದಲು ಆಯ್ಕೆಗಳನ್ನ ಮೆನುವಾಗಿ ತೋರಿಸೋ ಮೆನುಕಾನ್ಫಿಗ್‌ನಲ್ಲಿ ಸ್ಲ್ಯಾಶ್ ಒತ್ತಿ ಹುಡುಕೋದು ತೋರಿಸಿ, ಯಾವುದು ಯಾವುದರ ಮೇಲೆ ನಿಂತಿದೆ, ಯಾರು ಸೆಲೆಕ್ಟ್ ಮಾಡಿದಾರೆ ಎಲ್ಲಾ ಅಲ್ಲೇ ಕಾಣುತ್ತೆ.

ಭಾಷೆ ಚೆನ್ನಾಗಿದೆ, ಅದನ್ನ ಮುಟ್ಬೇಡಿ. ನಿಮ್ಮದೇ ಒಂದು ಬಿಲ್ಡ್ ಲಾಗ್ ಸೇರಿಸಿ, ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ.