ಆರೋಗ್ಯ ಪ್ರಶ್ನೋತ್ತರ: ಮಲದಲ್ಲಿ ಕಂಡ ಬಿಳಿ ತುಂಡುಗಳು

ಪ್ರಶ್ನೆ: ಎರಡು ವಾರಗಳಿಂದ ನನ್ನ ಪತಿಯ ಮಲದಲ್ಲಿ ಬಿಳಿಯ ಚಪ್ಪಟೆ ತುಂಡುಗಳು ಬೀಳುತ್ತಿವೆ. ಒಮ್ಮೆ ಒಳಉಡುಪಿನ ಮೇಲೆ ಕಂಡ ತುಂಡು ನಿಧಾನವಾಗಿ ಹರಿದಾಡುತ್ತಿತ್ತು. ಜಂತುಹುಳುವಿಗೆಂದು ಒಂದು ಆಲ್ಬೆಂಡಜೋಲ್ ಮಾತ್ರೆ ನುಂಗಿದರೂ ನಿಂತಿಲ್ಲ. ಆರು ವರ್ಷದ ಮಗಳು ರಾತ್ರಿ ಗುದದ್ವಾರದ ತುರಿಕೆಯಿಂದ ಎದ್ದು ಕೂರುತ್ತಾಳೆ. ಇಬ್ಬರಿಗೂ ಒಂದೇ ಔಷಧ ಸಾಕೇ?

ಉತ್ತರ: ಇಬ್ಬರಿಗೂ ಒಂದೇ ಹುಳು ತಗಲಿದಂತೆ ಕಾಣುವುದಿಲ್ಲ. ಹರಿದಾಡುವ ಚಪ್ಪಟೆ ತುಂಡು ಬಹುಮಟ್ಟಿಗೆ ಲಾಡಿಹುಳುವಿನದೇ. ಹಲವು ಮೀಟರ್ ಉದ್ದ ಬೆಳೆಯುವ ಈ ಹುಳುವಿನ ತಲೆ ಕರುಳಿನ ಗೋಡೆಗೆ ಕಚ್ಚಿಕೊಂಡಿರುವವರೆಗೂ ಹೊಸ ತುಂಡುಗಳು ಹುಟ್ಟುತ್ತಲೇ ಇರುತ್ತವೆ. ಆದ್ದರಿಂದ ತುಂಡು ಬಿದ್ದಿತೆಂದರೆ ಹುಳು ಹೋಯಿತೆಂದಲ್ಲ. ಲಾಡಿಹುಳುವಿದ್ದವರೆಲ್ಲ ಸೊರಗುತ್ತಾರೆಂಬ ನಂಬಿಕೆಯೂ ಸರಿಯಲ್ಲ, ಅನೇಕರಿಗೆ ಈ ತುಂಡುಗಳ ಹೊರತು ಬೇರೆ ಲಕ್ಷಣವೇ ಇರುವುದಿಲ್ಲ.

ತುಂಡೊಂದನ್ನು ಬರಿಗೈಯಿಂದ ಮುಟ್ಟದೆ ಡಬ್ಬಿಯಲ್ಲಿ ಹಾಕಿ ಪ್ರಯೋಗಾಲಯಕ್ಕೆ ಒಯ್ಯಿರಿ. ದನದ ಮಾಂಸದಿಂದ ಬರುವ ಹುಳುವಿನ ಮೊಟ್ಟೆಗೂ ಹಂದಿಮಾಂಸದಿಂದ ಬರುವುದರ ಮೊಟ್ಟೆಗೂ ಸೂಕ್ಷ್ಮದರ್ಶಕದಲ್ಲಿ ವ್ಯತ್ಯಾಸ ತಿಳಿಯದು, ತುಂಡಿನಲ್ಲಿ ತಿಳಿಯಬಹುದು. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಹಂದಿ ಲಾಡಿಹುಳುವಿನ ಮೊಟ್ಟೆ ಕೊಳಕು ಕೈಯಿಂದ ಬಾಯಿಗೆ ಸೇರಿದರೆ ಮರಿಗಳು ಮೆದುಳಿನಲ್ಲಿ ನೆಲೆಸಿ ಫಿಟ್ಸ್ ಬರಿಸಬಲ್ಲವು. ಮಾಂಸವನ್ನೇ ಮುಟ್ಟದವರಿಗೂ ಈ ಅಪಾಯ ತಪ್ಪಿದ್ದಲ್ಲ.

ಒಂದೇ ಆಲ್ಬೆಂಡಜೋಲ್ ಮಾತ್ರೆ ಲಾಡಿಹುಳುವಿಗೆ ನೆಚ್ಚಿಕೆಯ ಮದ್ದಲ್ಲ. ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 5ರಿಂದ 10 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಅನ್ನು ಒಂದೇ ಬಾರಿಗೆ ಕೊಡುತ್ತಾರೆ. ಆದರೆ ಪತಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಅಥವಾ ಬಹುದಿನಗಳ ತಲೆನೋವಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮೆದುಳಿನಲ್ಲಿ ಮರಿಗಳಿದ್ದರೆ ಈ ಔಷಧವೇ ಫಿಟ್ಸ್ ಕೆರಳಿಸಬಹುದು. ಅಂಥವರಿಗೆ ಕರುಳಿನಿಂದ ರಕ್ತಕ್ಕೆ ಹೆಚ್ಚಾಗಿ ಸೇರದ ನಿಕ್ಲೋಸಮೈಡ್ ಮೇಲು.

ಮಗಳ ರಾತ್ರಿ ತುರಿಕೆ ಬಿಳಿ ದಾರದ ಎಳೆಯಂಥ ಸೂಜಿಹುಳುವಿನ ಗುರುತು. ಬೆಳಿಗ್ಗೆ ತೊಳೆಯುವ ಮೊದಲು ಅಂಟುಪಟ್ಟಿಯನ್ನು ಗುದದ್ವಾರಕ್ಕೆ ಒತ್ತಿ ತೆಗೆದು ಪರೀಕ್ಷಿಸಿದರೆ ಮೊಟ್ಟೆಗಳು ಸಿಗುತ್ತವೆ. ಇದಕ್ಕೆ ಆಲ್ಬೆಂಡಜೋಲ್ ಸಾಕು, ಎರಡು ವಾರ ಬಿಟ್ಟು ಮತ್ತೊಮ್ಮೆ, ಮನೆಮಂದಿಗೆಲ್ಲ. ಆದರೂ ಅವಳ ಮಲಪರೀಕ್ಷೆಯನ್ನು ಬಿಡಬೇಡಿ: ಮಕ್ಕಳಲ್ಲಿ ಹೆಚ್ಚಾಗಿರುವ ಕುಬ್ಜ ಲಾಡಿಹುಳು 4 ಸೆಂಟಿಮೀಟರನ್ನೂ ಮೀರದು, ಬರಿಗಣ್ಣಿಗೆ ಸಾಮಾನ್ಯವಾಗಿ ಬೀಳದು, ಮಾಂಸದ ನಂಟಿಲ್ಲದೆ ಕೈಯಿಂದ ಬಾಯಿಗೆ ಹರಡುತ್ತದೆ. ಅದಕ್ಕೆ ಪ್ರಾಜಿಕ್ವಾಂಟೆಲ್ ಪ್ರಮಾಣ ಕಿಲೋಗೆ 25 ಮಿಲಿಗ್ರಾಂ.

ಪತಿಯ ಮಲವನ್ನು ಔಷಧದ ನಂತರ ಒಂದು ತಿಂಗಳಿಗೆ, ಮತ್ತೆ ಮೂರು ತಿಂಗಳಿಗೆ ಪರೀಕ್ಷಿಸಿ. ತಲೆ ಉಳಿದಿದ್ದರೆ ಹುಳು ಮತ್ತೆ ಬೆಳೆಯಲು ಅಷ್ಟು ಕಾಲ ಹಿಡಿಯುತ್ತದೆ.