ಅಮೆರಿಕದ ಮೂಲನಿವಾಸಿಗಳ ಕೇವಾ ಊರಿನವರು ಹಳೇ ಬ್ಯಾಟರಿ ಒಡೆದು ಒಡವೆ ಮಾಡ್ತಿದ್ದರು ಅನ್ನೋದು ನಿಜವೇ?

ನಿಜ. ಆದರೆ ನೀವು ಜೊತೆಗೇ ಇನ್ನೊಂದು ಮಾತು ಕೇಳಿದ್ದೀರಿ: "ಚಿಪ್ಪಿನ ಮೇಲೆ ಕಲ್ಲಿನ ಚೂರು ಕೂರಿಸಿ ಇಷ್ಟು ಚೆಂದದ ಬಳೆ ಮಾಡುವವರು ಶುರುವಿನಲ್ಲಿ ಪ್ಲಾಸ್ಟಿಕ್ ಯಾಕೆ ಮುಟ್ಟಿದರು, ಅದು ಸುಮ್ನೆ ಅಗ್ಗದ ಮಾಲು ಅಲ್ವಾ?" ಅಲ್ಲ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನಿರೋದು ನ್ಯೂ ಮೆಕ್ಸಿಕೋದ ಅಲ್ಬುಕರ್ಕಿಯಲ್ಲಿ. ಕಲ್ಲು ಕೊಯ್ದು ಸಾಣೆ ಹಿಡಿಯುವುದು ನನ್ನ ಹವ್ಯಾಸ. ಹಾಗಾಗಿ ಈ ಕೆಲಸದ ಕಷ್ಟ ಸ್ವಲ್ಪ ಗೊತ್ತು.

ಕೇವಾ ಇರೋದು ಅಲ್ಬುಕರ್ಕಿಗೂ ಸ್ಯಾಂಟಾ ಫೆಗೂ ನಡುವೆ, ರಿಯೋ ಗ್ರಾಂಡೆ ನದಿ ಪಕ್ಕದಲ್ಲಿ. ಹಳೇ ಪುಸ್ತಕಗಳಲ್ಲಿ ಸ್ಯಾಂಟೋ ಡೊಮಿಂಗೋ ಅಂತ ಇರುತ್ತದೆ. ಮಣಿ ಮಾಡೋದರಲ್ಲಿ ಇವರದು ಮೊದಲಿಂದಲೂ ದೊಡ್ಡ ಹೆಸರು. ಚಿಪ್ಪನ್ನು ಒಡೆದು ಚೂರು ಮಾಡುತ್ತಾರೆ. ಒಂದೊಂದಕ್ಕೂ ತೂತು ಕೊರೆದು ದಾರಕ್ಕೆ ಪೋಣಿಸುತ್ತಾರೆ. ಆಮೇಲೆ ಇಡೀ ಸರವನ್ನೇ ಮರಳುಗಲ್ಲಿನ ಮೇಲೆ ಉಜ್ಜಿ ಗುಂಡಗೆ ಮಾಡುತ್ತಾರೆ. ಸಮುದ್ರವೇ ಇಲ್ಲದ ಈ ಒಣ ನಾಡಿಗೆ ಚಿಪ್ಪು ಹಳೇ ಕಾಲದಿಂದಲೂ ಕ್ಯಾಲಿಫೋರ್ನಿಯಾ ಕೊಲ್ಲಿಯ ಕಡೆಯಿಂದ ವ್ಯಾಪಾರದಲ್ಲಿ ಬರುತ್ತಿತ್ತು. ಟರ್ಕಾಯ್ಸ್, ಅಂದರೆ ಫಿರೋಜಾ ಕಲ್ಲು, ಹತ್ತಿರದ ಸೆರಿಯೋಸ್ ಗುಡ್ಡಗಳಲ್ಲೇ ಸಿಗುತ್ತಿತ್ತು.

1929ರ ನಂತರ ಅಮೆರಿಕದಲ್ಲಿ ದುಡ್ಡೇ ಓಡಾಡದ ಕಾಲ ಬಂತು. ಒಳ್ಳೆ ಕಲ್ಲು, ಹವಳ, ಜೆಟ್ ಅನ್ನುವ ಕರೀ ಕಲ್ಲು ಕೊಳ್ಳೋದು ಕಷ್ಟವಾಯಿತು. ಆದರೆ ಊರ ಪಕ್ಕದಲ್ಲೇ ರೈಲು ನಿಲ್ಲುತ್ತಿತ್ತು. 1937ರಲ್ಲಿ ದಾರಿ ಬದಲಾಗುವವರೆಗೆ ರೂಟ್ 66 ಅನ್ನುವ ಹೆದ್ದಾರಿ ಕೂಡ ಸ್ಯಾಂಟಾ ಫೆ ಸುತ್ತಿಕೊಂಡು ಈ ಕಡೆಯೇ ಬರುತ್ತಿತ್ತು. ಪ್ರವಾಸಿಗಳಿದ್ದರು, ಮಾಲಿಗೆ ಬಂಡವಾಳ ಇರಲಿಲ್ಲ. ಆಗ ಕಾರಿನ ಬ್ಯಾಟರಿಯ ಗಟ್ಟಿ ರಬ್ಬರಿನ ಕರೀ ಡಬ್ಬ ಕೊಯ್ದರು. ಗ್ರಾಮಫೋನ್ ರೆಕಾರ್ಡ್ ಕೊಯ್ದರು. ಕೆಂಪು ಬಣ್ಣಕ್ಕೆ ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿ. ಬಿಳಿಗೆ ಜಿಪ್ಸಮ್. ಟರ್ಕಾಯ್ಸ್ ಮಾತ್ರ ನಿಜವಾದದ್ದೇ, ಸಣ್ಣ ಸಣ್ಣ ಚೂರು. ಅದರಲ್ಲಿ ಥಂಡರ್‌ಬರ್ಡ್ ಅನ್ನುವ ಕಥೆಗಳ ಹಕ್ಕಿಯ ಪದಕ ಮಾಡಿ ಸರಕ್ಕೆ ತೂಗುಬಿಟ್ಟು ಮಾರಿದರು.

ಅಂಥದ್ದೊಂದು ಹಳೇ ಸರವನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಕ್ಕಿ ಎರಡೂ ರೆಕ್ಕೆ ಚಾಚಿ ಮುಖ ಪಕ್ಕಕ್ಕೆ ತಿರುಗಿಸಿದೆ. ಎದೆಯ ಮೇಲೆ ಉಗುರಿಗಿಂತ ಸಣ್ಣ ಟರ್ಕಾಯ್ಸ್ ಚೂರುಗಳ ಸಾಲು, ನಡುವೆ ಒಂದು ಕೆಂಪು ಪಟ್ಟಿ. ತಿರುಗಿಸಿದರೆ ಬೆನ್ನೆಲ್ಲ ಮಟ್ಟಸವಾದ ಕಪ್ಪು. ಹಗುರ ಅಂದರೆ ತುಂಬಾ ಹಗುರ. ಬೆರಳಾಡಿಸಿದರೆ ಒಂದು ಚೂರಿನ ಅಂಚೂ ಚುಚ್ಚುವುದಿಲ್ಲ. ಅಗ್ಗದ ಸಾಮಾನಿನಲ್ಲಿ ಅಷ್ಟು ನುಣುಪು ತಂದವರ ಕೈ ಎಂಥದ್ದು ನೋಡಿ.

ಇವತ್ತಿನ ಚಿಪ್ಪಿನ ಕೆಲಸ ಬಂದಿದ್ದೂ ಇದೇ ಕೈಗಳಿಂದ. ಒಡವೆ ಕಲಾವಿದೆ ಏಂಜಿ ರಿಯಾನೋ ಓವೆನ್ ಹುಟ್ಟಿದ್ದು 1946ರಲ್ಲಿ, ಇದೇ ಊರಲ್ಲಿ. ಚಿಕ್ಕವರಿದ್ದಾಗ ಮನೆಯವರ ಜೊತೆ ಕೂತು ಮಾಡಿದ್ದು ಈ ಹಕ್ಕಿ ಸರಗಳನ್ನೇ. ಮುಂದೆ ಟುಸಾನ್‌ನ ಅರಿಜೋನಾ ಸ್ಟೇಟ್ ಮ್ಯೂಸಿಯಂನಲ್ಲಿ ಆ ಕಡೆಯ ಪ್ರಾಚೀನ ಮೂಲನಿವಾಸಿಗಳಾದ ಹೊಹೋಕಂ ಜನರ ನೂರಾರು ವರ್ಷ ಹಳೆಯ ಒಡವೆಗಳನ್ನು ಹತ್ತಿರದಿಂದ ನೋಡಿದರು. ಇಡೀ ಚಿಪ್ಪನ್ನೇ ತಳವಾಗಿಟ್ಟುಕೊಂಡು ಮೇಲೆ ಟರ್ಕಾಯ್ಸ್ ಚೂರು ಮುಚ್ಚಿದ ಕೆಲಸ ಅದು. 1970ರ ದಶಕದಲ್ಲಿ ಅವರು ಆ ಪದ್ಧತಿಗೆ ಮತ್ತೆ ಜೀವ ಕೊಟ್ಟರು. ಬ್ಯಾಟರಿ ಡಬ್ಬದ ಜಾಗಕ್ಕೆ ಚಿಪ್ಪು ಬಂತು, ಪ್ಲಾಸ್ಟಿಕ್ ಜಾಗಕ್ಕೆ ಜೆಟ್, ಹವಳ, ಕಿತ್ತಳೆ ಬಣ್ಣದ ಸ್ಪೈನಿ ಆಯ್ಸ್ಟರ್ ಚಿಪ್ಪು ಬಂದವು. ಚೂರು ಕೊಯ್ಯೋದು, ಅಂಚಿಗೆ ಅಂಚು ಕೂಡಿಸೋದು, ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜೋದು, ಇದೆಲ್ಲ ಬಾಲ್ಯದಲ್ಲೇ ಬೆರಳಿಗೆ ಹತ್ತಿತ್ತು. ಮ್ಯೂಸಿಯಂಗೆ ಎಷ್ಟೋ ಜನ ಹೋಗುತ್ತಾರೆ. ಅಲ್ಲಿ ನೋಡಿದ್ದನ್ನು ಮನೆಗೆ ಬಂದು ಮಾಡಲು ಅಂಥ ಬೆರಳು ಬೇಕು.

ಕಷ್ಟ ಎಲ್ಲಿದೆ ಅಂದರೆ, ಚಿಪ್ಪು ಉಬ್ಬಿರುತ್ತದೆ. ಚಪ್ಪಟೆ ಹಲಗೆ ಮೇಲೆ ಕಲ್ಲು ಕೂರಿಸಿದ ಹಾಗಲ್ಲ. ಬಾಗು ತಿರುಗಿದ ಕಡೆಯಲ್ಲೆಲ್ಲ ಚೂರಿನ ಅಂಚನ್ನು ಸ್ವಲ್ಪ ಓರೆ ಮಾಡದಿದ್ದರೆ ನಡುವೆ ಸಂದು ಬಾಯಿಬಿಡುತ್ತದೆ. ಇನ್ನೊಂದು, ಎಲ್ಲ ಸಾಮಾನೂ ಒಂದೇ ಗಟ್ಟಿ ಇರೋದಿಲ್ಲ. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಒಳ್ಳೆ ಟರ್ಕಾಯ್ಸ್ 5ರಿಂದ 6. ಚಿಪ್ಪು, ಹವಳ 3ರಿಂದ 4. ಜೆಟ್ ಕೂಡ ಮೆತ್ತಗೆ. ಒಟ್ಟಿಗೆ ಉಜ್ಜಿದರೆ ಮೆತ್ತನೆಯದು ಬೇಗ ಸವೆದು ತಗ್ಗಾಗುತ್ತದೆ, ಟರ್ಕಾಯ್ಸ್ ಎದ್ದು ನಿಲ್ಲುತ್ತದೆ. ಗಟ್ಟಿ ಹಿಂಬದಿಯ ಸ್ಯಾಂಡ್‌ಪೇಪರ್ ಹಿಡಿದು, ಒತ್ತದೆ, ನೀರು ಹಾಕಿಕೊಂಡು ಉಜ್ಜಬೇಕು. ನೀವೂ ಪ್ರಯತ್ನಿಸುವುದಾದರೆ ನೀರಿಲ್ಲದೆ, ಮಾಸ್ಕ್ ಇಲ್ಲದೆ ಚಿಪ್ಪನ್ನು ಮುಟ್ಟಲೇಬೇಡಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಂಟಿನ ವಿಷಯ ನನಗೆ ತುಂಬಾ ಇಷ್ಟ. ಈಗ ಎಲ್ಲರೂ ಎಪಾಕ್ಸಿ ಬಳಸುತ್ತಾರೆ. ಹಳೆಯವರು ಪಿನ್ಯೋನ್ ಮರದ ಅಂಟು ಬಳಸುತ್ತಿದ್ದರು. ದಕ್ಷಿಣದ ಮರುಭೂಮಿಯಲ್ಲಿ ಕ್ರಿಯೊಸೋಟ್ ಗಿಡದ ಮೇಲೆ ಒಂದು ಸಣ್ಣ ಹುಳು ಅರಗು ಕಟ್ಟುತ್ತದೆ, ಅದನ್ನೂ ಬಳಸುತ್ತಿದ್ದರು. ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗೂ ಹುಳುವಿನದೇ ಅಲ್ವಾ, ಓದಿದಾಗ ನನಗೆ ಬಹಳ ಖುಷಿಯಾಗಿತ್ತು.

ಹಾಗಾಗಿ ಬ್ಯಾಟರಿ ಸರವನ್ನು "ಆಗಿನ ಡೂಪ್ಲಿಕೇಟು" ಅಂತ ತಳ್ಳಿಹಾಕಬೇಡಿ. ಡೂಪ್ಲಿಕೇಟು ಅಂದರೆ ಬೇರೆ ಯಾರೋ ಮಷೀನಿನಲ್ಲಿ ಮಾಡಿ ಇವರ ಹೆಸರಲ್ಲಿ ಮಾರುವುದು. ಅಮೆರಿಕದ ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರುವುದು 1990ರ ಒಂದು ಕಾನೂನಿನ ಪ್ರಕಾರ ಅಪರಾಧ, ಆದರೂ ಅದು ನಡೆದೇ ಇದೆ. ಮನೆಮಂದಿಯೆಲ್ಲ ಕೂತು ಕೈಯಲ್ಲೇ ಮಾಡಿದ ಆ ಹಕ್ಕಿಗಳನ್ನು ಈಗ ಸಂಗ್ರಹಕಾರರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಈ ಕಡೆ ಬಂದರೆ ಸ್ಯಾಂಟಾ ಫೆಯ ಪ್ಯಾಲೇಸ್ ಆಫ್ ದಿ ಗವರ್ನರ್ಸ್ ಅನ್ನುವ ಹಳೇ ಕಟ್ಟಡದ ಜಗುಲಿಗೆ ಬೆಳಿಗ್ಗೆ ಹೋಗಿ. ನೆಲದ ಮೇಲೆ ಬಟ್ಟೆ ಹಾಸಿ ಕೂತಿರುವವರು ಮಾಡಿದವರೇ ಅಥವಾ ಅವರ ಮನೆಯವರು. ಒಡವೆ ಮೇಲೆ ಮಾಡಿದವರ ಗುರುತು ಇರಲೇಬೇಕು ಅನ್ನೋದು ಅಲ್ಲಿನ ನಿಯಮ. ತಳ ಯಾವ ಚಿಪ್ಪು, ಟರ್ಕಾಯ್ಸ್ ಹಾಗೇ ಇದೆಯಾ ಅಥವಾ ರಾಳ ಕುಡಿಸಿ ಗಟ್ಟಿ ಮಾಡಿದ್ದಾ ಅಂತ ಕೇಳಿ. ಸಮಾಧಾನವಾಗಿ ಹೇಳುತ್ತಾರೆ. ಚೌಕಾಸಿ ಮಾತ್ರ ಜಾಸ್ತಿ ಮಾಡಬೇಡಿ.