ಓದುಗರ ಪ್ರಶ್ನೆ, ನಮ್ಮ ಉತ್ತರ: ರೂಬಿಯ ಸಿಂಬಲ್ ಮತ್ತು ರಿಫ್ಲೆಕ್ಷನ್

ಪ್ರಶ್ನೆ: ನಾನು ಆರು ತಿಂಗಳಿಂದ ರೂಬಿ ಭಾಷೆಯನ್ನು ಕಲಿಯುತ್ತಿದ್ದೇನೆ. ಮುಂದೆ ಕೋಲನ್ ಹಾಕಿ ಬರೆಯುವ ಸಿಂಬಲ್‌ಗೂ ಉದ್ಧರಣ ಚಿಹ್ನೆಗಳ ನಡುವಿನ ಸ್ಟ್ರಿಂಗ್‌ಗೂ ಏನು ವ್ಯತ್ಯಾಸವೆಂಬುದು ಇನ್ನೂ ಸ್ಪಷ್ಟವಾಗಿಲ್ಲ. ಎರಡನ್ನು ಬಳಸಿಯೂ ಮೆಥಡ್ ಕರೆಯಬಹುದು. ಬಳಕೆದಾರರು ಆರಿಸಿದ ಕಾಲಂ ಹೆಸರನ್ನು ನೇರವಾಗಿ, ಹೆಸರು ಕೊಟ್ಟರೆ ಆ ಹೆಸರಿನ ಮೆಥಡ್ ಅನ್ನು ಕರೆಯುವ ‘ಸೆಂಡ್’ ಮೆಥಡ್‌ಗೆ ಕೊಟ್ಟು ವರದಿ ತಯಾರಿಸುವ ಕೋಡ್ ಬರೆದಿದ್ದೇನೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರೂ ಹಿರಿಯ ಸಹೋದ್ಯೋಗಿಯೊಬ್ಬರು ತೆಗೆಯಲೇಬೇಕು ಎನ್ನುತ್ತಾರೆ. ಏಕೆಂದು ತಿಳಿಸುವಿರಾ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳುವುದು ಸರಿ, ಆ ಸಾಲನ್ನು ಇಂದೇ ಬದಲಿಸಿ. ಕಾರಣ ತಿಳಿಯಬೇಕಾದರೆ ನಿಮ್ಮ ಮೊದಲ ಪ್ರಶ್ನೆಯಿಂದಲೇ ಹೊರಡಬೇಕು.

ಸ್ಟ್ರಿಂಗ್ ಎಂಬುದು ಪಠ್ಯ. ಅದನ್ನು ಕತ್ತರಿಸಬಹುದು, ಜೋಡಿಸಬಹುದು, ತಿದ್ದಬಹುದು. ಸಿಂಬಲ್ ಎಂಬುದು ಹೆಸರು. ಅದನ್ನು ತಿದ್ದಲು ಬರುವುದಿಲ್ಲ. ಒಂದೇ ಪದವನ್ನು ಎರಡು ಕಡೆ ಸ್ಟ್ರಿಂಗ್ ಆಗಿ ಬರೆದು ‘ಆಬ್ಜೆಕ್ಟ್ ಐಡಿ’ (ಪ್ರತಿ ಆಬ್ಜೆಕ್ಟ್‌ಗೂ ಇರುವ ಗುರುತಿನ ಸಂಖ್ಯೆ) ಕೇಳಿದರೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ಸಂಖ್ಯೆಗಳು ಬರುತ್ತವೆ. ಅದೇ ಪದವನ್ನು ಸಿಂಬಲ್ ಆಗಿ ಬರೆದರೆ, ಅದು ಯಾವ ಫೈಲಿನಲ್ಲಿ ಎಷ್ಟು ಬಾರಿ ಬಂದಿದ್ದರೂ, ಪ್ರೋಗ್ರಾಂ ಮುಗಿಯುವ ತನಕ ಸಂಖ್ಯೆ ಒಂದೇ. ಆದ್ದರಿಂದ ಎರಡು ಸಿಂಬಲ್‌ಗಳು ಒಂದೇ ಹೌದೋ ಅಲ್ಲವೋ ಎಂದು ನೋಡಲು ಅಕ್ಷರ ಅಕ್ಷರ ಹೋಲಿಸಬೇಕಾಗಿಲ್ಲ, ಮತ್ತು ಹ್ಯಾಶ್‌ನ (ಕೀ ಮತ್ತು ಮೌಲ್ಯಗಳ ಜೋಡಿಗಳ ಸಂಗ್ರಹದ) ಕೀಗಳಾಗಿ ಅವು ಅಷ್ಟು ಚೆನ್ನಾಗಿ ಒದಗುತ್ತವೆ. ಈ ಕಲ್ಪನೆ ರೂಬಿಯದ್ದೇ ಅಲ್ಲ. 1950ರ ದಶಕದ ಕೊನೆಯಲ್ಲಿ ಹುಟ್ಟಿದ ಲಿಸ್ಪ್ ಭಾಷೆಯಲ್ಲೇ ಅದಿತ್ತು. ಮೆಥಡ್‌ಗಳ, ವೇರಿಯಬಲ್‌ಗಳ ಹೆಸರುಗಳಿಗಾಗಿ ಇಂಟರ್‌ಪ್ರಿಟರ್ (ಕೋಡ್ ಅನ್ನು ಓದಿ ನಡೆಸುವ ಪ್ರೋಗ್ರಾಂ) ತನ್ನೊಳಗೆ ಹೇಗೂ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿನ ಹೆಸರನ್ನೇ ನಮ್ಮ ಕೈಗೂ ಕೊಟ್ಟರೆ ಅದು ಸಿಂಬಲ್.

ರಿಫ್ಲೆಕ್ಷನ್ ಜೊತೆಗಿನ ನಂಟು ಬೆಳೆಯುವುದು ಇಲ್ಲಿಂದಲೇ. ಚಾಲನೆಯಲ್ಲಿರುವ ಪ್ರೋಗ್ರಾಂ ತನ್ನ ಬಗ್ಗೆ ತಾನೇ ವಿಚಾರಿಸಿಕೊಳ್ಳುವುದಕ್ಕೆ ರಿಫ್ಲೆಕ್ಷನ್ ಎನ್ನುತ್ತಾರೆ. ಒಂದು ಆಬ್ಜೆಕ್ಟ್‌ಗೆ ‘ಮೆಥಡ್ಸ್’ ಎಂದು ಕೇಳಿದರೆ ಸಿಗುವುದು ಸಿಂಬಲ್‌ಗಳ ಪಟ್ಟಿ. 2.1ನೇ ಆವೃತ್ತಿಯಿಂದ ಈಚೆಗೆ ಮೆಥಡ್ ಬರೆಯಲು ಬಳಸುವ ‘ಡೆಫ್’ ಕೂಡ ತಾನು ಸೃಷ್ಟಿಸಿದ ಮೆಥಡ್‌ನ ಹೆಸರನ್ನು ಸಿಂಬಲ್ ಆಗಿ ಹಿಂದಿರುಗಿಸುತ್ತದೆ. ಮೆಥಡ್ ಅನ್ನು ಹೊರಗಿನಿಂದ ಕರೆಯದಂತೆ ತಡೆಯುವ ‘ಪ್ರೈವೇಟ್’ ಪದವನ್ನು ‘ಡೆಫ್’ನ ಮುಂದೆಯೇ, ಒಂದೇ ಸಾಲಿನಲ್ಲಿ ಬರೆಯಲು ಸಾಧ್ಯವಾಗಿರುವುದು ಇದರಿಂದ. ನನಗೆ ಅತ್ಯಂತ ಪ್ರಿಯವಾದ ಸೌಲಭ್ಯ ಇನ್ನೊಂದಿದೆ. ಇತರರು ಬರೆದ ದೊಡ್ಡ ಕೋಡ್‌ನಲ್ಲಿ ಒಂದು ಮೆಥಡ್ ಎಲ್ಲಿಂದ ಬಂತೆಂದು ತಿಳಿಯದೆ ಕಂಗೆಟ್ಟಾಗ, ಆ ಆಬ್ಜೆಕ್ಟ್‌ನ ‘ಮೆಥಡ್’ಗೆ ಹೆಸರಿನ ಸಿಂಬಲ್ ಕೊಟ್ಟು, ಬಂದ ಉತ್ತರಕ್ಕೆ ‘ಸೋರ್ಸ್ ಲೊಕೇಶನ್’ ಕೇಳಿ. ರೂಬಿಯಲ್ಲೇ ಬರೆದ ಮೆಥಡ್ ಆಗಿದ್ದರೆ ಫೈಲಿನ ಹೆಸರೂ ಸಾಲಿನ ಸಂಖ್ಯೆಯೂ ಒಟ್ಟಿಗೇ ಸಿಗುತ್ತವೆ.

ಈಗ ನಿಮ್ಮ ಕೋಡ್‌ಗೆ ಬರೋಣ. ‘ಸೆಂಡ್’ ಮೆಥಡ್ ಪ್ರೈವೇಟ್ ಎಂಬ ಕಟ್ಟುಪಾಡನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರೋಗ್ರಾಂ ನಿಲ್ಲಿಸುವ ‘ಎಕ್ಸಿಟ್’, ಆಪರೇಟಿಂಗ್ ಸಿಸ್ಟಂನ ಆಜ್ಞೆ ನಡೆಸುವ ‘ಸಿಸ್ಟಮ್’ ಮುಂತಾದವು ಕರ್ನೆಲ್ ಮಾಡ್ಯೂಲ್‌ನ ಮೂಲಕ ಹೆಚ್ಚುಕಡಿಮೆ ಎಲ್ಲ ಆಬ್ಜೆಕ್ಟ್‌ಗಳಲ್ಲೂ ಪ್ರೈವೇಟ್ ಆಗಿ ಕುಳಿತಿರುತ್ತವೆ. ಕಾಲಂ ಹೆಸರು ಬರಬೇಕಾದ ಜಾಗದಲ್ಲಿ ಯಾರಾದರೂ ‘ಎಕ್ಸಿಟ್’ ಎಂದು ಕಳುಹಿಸಿದರೆ ನಿಮ್ಮ ಪ್ರೋಗ್ರಾಂ ಅದನ್ನೂ ವಿಧೇಯವಾಗಿ ಕರೆಯುತ್ತದೆ. ಪರದೆಯ ಮೇಲೆ ಆಯ್ಕೆಪಟ್ಟಿ ಮಾತ್ರ ಇದೆಯಲ್ಲ ಎಂದು ನೀವು ಹೇಳಬಹುದು. ಆದರೆ ಸರ್ವರ್‌ಗೆ ಬರುವ ಕೋರಿಕೆ ಆ ಪಟ್ಟಿಯಿಂದಲೇ ಬರಬೇಕೆಂಬ ನಿಯಮವಿಲ್ಲ, ಅದನ್ನು ಯಾರು ಬೇಕಾದರೂ ಕೈಯಾರೆ ಬರೆದು ಕಳುಹಿಸಬಹುದು.

‘ಪಬ್ಲಿಕ್ ಸೆಂಡ್’ ಬಳಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಪ್ರೈವೇಟ್ ಮೆಥಡ್‌ಗಳನ್ನು ಅದು ತಡೆಯುತ್ತದೆ ನಿಜ, ಆದರೆ ಅಪಾಯಕಾರಿಯಾದುದೆಲ್ಲ ಪ್ರೈವೇಟ್ ಆಗಿರುವುದಿಲ್ಲ. ನಿಮ್ಮ ವರದಿಯ ಸಾಲುಗಳು ರೂಬಿಯ ವೆಬ್ ಚೌಕಟ್ಟಾದ ರೈಲ್ಸ್‌ನ ಆಕ್ಟಿವ್ ರೆಕಾರ್ಡ್ ಆಬ್ಜೆಕ್ಟ್‌ಗಳಾಗಿದ್ದರೆ (ಡೇಟಾಬೇಸ್‌ನ ಸಾಲುಗಳನ್ನು ಪ್ರತಿನಿಧಿಸುವವು) ಅವುಗಳಲ್ಲಿ ‘ಡಿಲೀಟ್’, ‘ಡಿಸ್ಟ್ರಾಯ್’ ಎರಡೂ ಪಬ್ಲಿಕ್. ಕಾಲಂ ಹೆಸರಿನ ಜಾಗದಲ್ಲಿ ‘ಡಿಲೀಟ್’ ಎಂದು ಬಂದರೆ, ವರದಿಗೆಂದು ಓದಿದ ಪ್ರತಿಯೊಂದು ಸಾಲೂ ಡೇಟಾಬೇಸ್‌ನಿಂದ ಅಳಿಸಿಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಒಂದು ಸ್ಥಿರ ಹ್ಯಾಶ್ ಬರೆಯಿರಿ: ಎಡಗಡೆ ಹೊರಗಿನಿಂದ ಬರಬಹುದಾದ ಸ್ಟ್ರಿಂಗ್, ಬಲಗಡೆ ನೀವೇ ಬರೆದ ಸಿಂಬಲ್. ಬಂದ ಸ್ಟ್ರಿಂಗ್ ಅನ್ನು ‘ಫೆಚ್’ ಮೂಲಕ ಹುಡುಕಿ, ಸಿಕ್ಕ ಸಿಂಬಲ್ ಅನ್ನು ಮಾತ್ರ ‘ಪಬ್ಲಿಕ್ ಸೆಂಡ್’ಗೆ ಕೊಡಿ. ಪಟ್ಟಿಯಲ್ಲಿಲ್ಲದ ಪದ ಬಂದರೆ ‘ಫೆಚ್’ ಅಲ್ಲಿಯೇ ದೋಷ ಎತ್ತಿ ನಿಲ್ಲುತ್ತದೆ. ಹೀಗೆ ಮಾಡಿದಾಗ ಹೊರಗಿನವರ ಪದ ಎಂದಿಗೂ ಮೆಥಡ್‌ನ ಹೆಸರಾಗುವುದಿಲ್ಲ. ಹೆಸರು ನಿಮ್ಮದು, ಆಯ್ಕೆಯಷ್ಟೇ ಅವರದು.

ಪ್ರಶ್ನೆ: ಹೊರಗಿನ ಸ್ಟ್ರಿಂಗ್ ಅನ್ನು ‘ಟು ಸಿಮ್’ ಮೂಲಕ ಸಿಂಬಲ್ ಮಾಡಿದರೆ ಮೆಮೊರಿ ತುಂಬಿಹೋಗುತ್ತದೆ ಎಂಬುದು ಈಗಲೂ ನಿಜವೇ?

ಉತ್ತರ: ಬಹುಮಟ್ಟಿಗೆ ಹಳೆಯ ಮಾತು. 2014ರ ಡಿಸೆಂಬರ್‌ನಲ್ಲಿ ಬಂದ 2.2ನೇ ಆವೃತ್ತಿಗಿಂತ ಮುಂಚೆ, ಒಮ್ಮೆ ಹುಟ್ಟಿದ ಸಿಂಬಲ್ ಪ್ರೋಗ್ರಾಂ ನಿಲ್ಲುವವರೆಗೂ ಮೆಮೊರಿಯಲ್ಲಿ ಉಳಿಯುತ್ತಿತ್ತು. ಹೊಸ ಹೊಸ ಪದಗಳನ್ನು ಕಳುಹಿಸುತ್ತಲೇ ಹೋಗಿ ಸರ್ವರ್ ಅನ್ನು ಕುಸಿಯುವಂತೆ ಮಾಡಬಹುದಾಗಿತ್ತು. ಈಗ ಹಾಗೆ ಚಾಲನೆಯ ವೇಳೆ ಹುಟ್ಟಿದ ಸಿಂಬಲ್‌ಗಳನ್ನು ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಮೆಮೊರಿಯನ್ನು ಬಿಡಿಸುವ ವ್ಯವಸ್ಥೆ) ತೆರವುಗೊಳಿಸುತ್ತದೆ. ಆದರೆ ಆ ಹೆಸರಿನಲ್ಲಿ ‘ಡಿಫೈನ್ ಮೆಥಡ್’ ಮೂಲಕ ಹೊಸ ಮೆಥಡ್ ಸೃಷ್ಟಿಸಿದರೆ ಸಿಂಬಲ್ ಶಾಶ್ವತವಾಗಿ ಉಳಿಯುತ್ತದೆ.

ಪ್ರಶ್ನೆ: ಒಂದೇ ಬಗೆಯ ಹತ್ತಾರು ಮೆಥಡ್‌ಗಳು ಬೇಕಾದಾಗ ಇಲ್ಲದ ಮೆಥಡ್ ಕರೆದಾಗ ಓಡುವ ‘ಮೆಥಡ್ ಮಿಸ್ಸಿಂಗ್’ ಒಳ್ಳೆಯದೋ ‘ಡಿಫೈನ್ ಮೆಥಡ್’ ಒಳ್ಳೆಯದೋ?

ಉತ್ತರ: ಹೆಸರುಗಳು ಮೊದಲೇ ಗೊತ್ತಿದ್ದರೆ ‘ಡಿಫೈನ್ ಮೆಥಡ್’ ಬಳಸಿ. ಸಿಂಬಲ್‌ಗಳ ಪಟ್ಟಿಯೊಂದನ್ನು ಸುತ್ತಿ ಮೆಥಡ್‌ಗಳನ್ನು ಸೃಷ್ಟಿಸಿದಾಗ ಅವು ನಿಜವಾಗಿಯೂ ಕ್ಲಾಸ್‌ನಲ್ಲಿ ಇರುತ್ತವೆ, ಆ ಮೆಥಡ್ ಇದೆಯೇ ಎಂದು ‘ರೆಸ್ಪಾಂಡ್ ಟು’ ಮೂಲಕ ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ‘ಮೆಥಡ್ ಮಿಸ್ಸಿಂಗ್’ ಬಳಸಿದರೆ ಅದರ ಜೋಡಿಯಾಗಿ ‘ರೆಸ್ಪಾಂಡ್ ಟು ಮಿಸ್ಸಿಂಗ್’ ಅನ್ನೂ ಬರೆಯದಿದ್ದಲ್ಲಿ, ಆಬ್ಜೆಕ್ಟ್ ತಾನು ಮಾಡಬಲ್ಲ ಕೆಲಸವನ್ನೇ ಬರುವುದಿಲ್ಲ ಎಂದು ಹೇಳುತ್ತದೆ.

ಯಾವುದನ್ನೇ ಬಳಸಿದರೂ ಹೆಸರುಗಳನ್ನು ತುಂಡು ತುಂಡಾಗಿ ಜೋಡಿಸಬೇಡಿ. ಒಮ್ಮೆ ನಾನು, ಹುಡುಕಿದಾಗ ಎಲ್ಲಿಯೂ ಕಾಣಿಸಲಿಲ್ಲವೆಂದು ಒಂದು ಮೆಥಡ್ ಅನ್ನು ಅಳಿಸಿಬಿಟ್ಟೆ. ಅದರ ಹೆಸರಿನ ಅರ್ಧ ಒಂದು ಫೈಲಿನಲ್ಲಿ, ಉಳಿದರ್ಧ ಇನ್ನೊಂದು ಫೈಲಿನಲ್ಲಿ ಇದ್ದವು, ಎರಡೂ ಸೇರುತ್ತಿದ್ದುದು ತಿಂಗಳಿಗೊಮ್ಮೆ ಓಡುವ ಒಂದು ಕೆಲಸದಲ್ಲಿ ಮಾತ್ರ. ಈಗ ಪೂರ್ಣ ಹೆಸರುಗಳ ಸಿಂಬಲ್‌ಗಳನ್ನೇ ಪಟ್ಟಿಯಲ್ಲಿ ಬರೆಯುತ್ತೇನೆ, ಹುಡುಕಿದಾಗ ಸಿಗುತ್ತವೆ.